ಮೆಕ್ಕೆಜೋಳದ ಗರಿ ಕಣ್ಣಿಗೆ ತಾಗಿದಾಗ: ಕಾರ್ನಿಯಾ ಹುಣ್ಣಿನಿಂದ ದೃಷ್ಟಿ ಉಳಿಸಿಕೊಳ್ಳುವ ಕ್ರಮ

ದಾವಣಗೆರೆ ಸೀಮೆಯಲ್ಲಿ ಮುಂಗಾರಿಗೆ ಬಿತ್ತಿದ ಮೆಕ್ಕೆಜೋಳ ದಸರೆ ಕಳೆದು ದೀಪಾವಳಿ ಸಮೀಪಿಸುವ ಹೊತ್ತಿಗೆ ಒಣಗಿ ಕಟಾವಿಗೆ ಬರುತ್ತದೆ. ಆಳೆತ್ತರದ ದಂಟುಗಳ ನಡುವೆ ತೆನೆ ಮುರಿಯುತ್ತ ಸಾಗುವವರ ಮುಖಕ್ಕೆ ಒಣ ಗರಿಗಳು ಬಡಿಯುತ್ತಲೇ ಇರುತ್ತವೆ. ಆ ಗರಿಯ ಅಂಚನ್ನು ತುದಿಯಿಂದ ಬುಡದ ಕಡೆಗೆ ಬೆರಳಿನಲ್ಲಿ ಸವರಿ ನೋಡಿದರೆ ಸಣ್ಣ ಸಣ್ಣ ಹಲ್ಲುಗಳು ತಗಲುತ್ತವೆ. ಅದು ಕೈಗೆ ತಾಗಿದರೆ ಗೀರು ಬಿದ್ದು, ಸ್ವಲ್ಪ ಹೊತ್ತು ಉರಿದು ಸುಮ್ಮನಾಗುತ್ತದೆ. ಅದೇ ಗರಿ ಕಣ್ಣಿನ ಕರಿಗುಡ್ಡೆಗೆ ತಾಗಿದರೆ, ಗೀರಿನ ಜೊತೆಗೆ ಗರಿಯ ಮೇಲಿದ್ದ ಶಿಲೀಂಧ್ರದ ಕಣಗಳೂ ಒಳಗೆ ಸೇರುವ ಸಾಧ್ಯತೆಯಿದ್ದು, ಕೆಲವು ದಿನಗಳಲ್ಲಿ ಅಲ್ಲಿ ಹುಣ್ಣಾಗಿ, ಚಿಕಿತ್ಸೆ ತಡವಾದರೆ ಆ ಕಣ್ಣಿನ ದೃಷ್ಟಿಯೇ ಹೋಗಬಹುದು.

ಇದನ್ನು ವೈದ್ಯರು ಕಾರ್ನಿಯಾ ಹುಣ್ಣು ಎನ್ನುತ್ತಾರೆ. ಹುಣ್ಣು ಮಾಯ್ದ ಮೇಲೆ ಉಳಿಯುವ ಬಿಳಿಯ ಕಲೆಯನ್ನು ನಮ್ಮ ಹಳ್ಳಿಗಳಲ್ಲಿ ‘ಕಣ್ಣಿಗೆ ಹೂ ಬಿದ್ದಿದೆ’ ಎಂದು ಹೇಳುತ್ತಾರೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ, 50 ವರ್ಷ ದಾಟಿದವರ ಅಂಧತ್ವಕ್ಕೆ ಕಣ್ಣಿನ ಪೊರೆ ಮೊದಲ ಕಾರಣವಾದರೆ ಕಾರ್ನಿಯಾದ ಕಲೆ ಎರಡನೆಯದು. 50ಕ್ಕಿಂತ ಕೆಳಗಿನವರಲ್ಲಿ ಕಾರ್ನಿಯಾದ ಕಲೆಯೇ ಮೊದಲ ಕಾರಣ. ಪೊರೆಯಿಂದ ಮಸುಕಾದ ದೃಷ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ಮರಳಿ ಪಡೆಯಬಹುದು. ಕಾರ್ನಿಯಾ ಹುಣ್ಣಿನಿಂದ ಹೋದ ದೃಷ್ಟಿಯನ್ನು ಹಾಗೆ ಸುಲಭವಾಗಿ ಮರಳಿ ತರಲಾಗುವುದಿಲ್ಲ. ಅದು ದುಡಿಯುವ ವಯಸ್ಸಿನವರನ್ನೇ ಹೆಚ್ಚಾಗಿ ಹಿಡಿಯುವುದರಿಂದ ಒಂದು ಕಣ್ಣಿನ ನಷ್ಟ ಇಡೀ ಮನೆಯ ನಷ್ಟವಾಗುತ್ತದೆ.

ಕಣ್ಣಿನ ಸೋಂಕನ್ನು ಜನರ ತಿಳಿವಳಿಕೆಯಿಂದ ಹಿಮ್ಮೆಟ್ಟಿಸಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಒಂದು ಕಾಲದಲ್ಲಿ ಲಕ್ಷಾಂತರ ಜನರ ಕಣ್ಣು ಕೆಡಿಸುತ್ತಿದ್ದ ಟ್ರಕೋಮಾ ಎಂಬ ಬ್ಯಾಕ್ಟೀರಿಯಾ ಸೋಂಕಿನ ವಿರುದ್ಧ 1963ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಮುಖ ತೊಳೆಯುವುದು, ಒಬ್ಬರ ಟವೆಲ್ ಮತ್ತೊಬ್ಬರು ಬಳಸದಿರುವುದು, ನೊಣಗಳು ಮುತ್ತದಂತೆ ಊರನ್ನು ಸ್ವಚ್ಛವಾಗಿಡುವುದು ಮತ್ತು ಔಷಧೋಪಚಾರ ಇವೆಲ್ಲ ಕೂಡಿ, 2024ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ಘೋಷಿಸಿತು. ಕಾರ್ನಿಯಾ ಹುಣ್ಣು ಆ ರೀತಿ ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲದ ಕಾರಣ ಅದನ್ನು ಒಂದು ಅಭಿಯಾನದಿಂದ ನಿರ್ಮೂಲ ಮಾಡಲಾಗದು. ಅದನ್ನು ತಡೆಯುವ ಕೆಲಸ ಪ್ರತಿಯೊಂದು ಹೊಲದಲ್ಲಿ, ಪ್ರತಿಯೊಂದು ಕಣದಲ್ಲಿ, ಏಟು ಬಿದ್ದ ಆ ದಿನವೇ ನಡೆಯಬೇಕು.

ಒಳಗೆ ಏನಾಗುತ್ತದೆ

ಕಾರ್ನಿಯಾ ಎಂದರೆ ಗಡಿಯಾರದ ಮುಖದ ಮೇಲಿನ ಗಾಜಿನಂತೆ ಕರಿಗುಡ್ಡೆಯನ್ನು ಮುಚ್ಚಿಕೊಂಡಿರುವ ಪಾರದರ್ಶಕ ಪದರ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಬೆಳಕು ತಡೆಯಿಲ್ಲದೆ ಹಾದುಹೋಗಬೇಕಾದ್ದರಿಂದ ಅದರಲ್ಲಿ ರಕ್ತನಾಳಗಳಿರುವುದಿಲ್ಲ. ರಕ್ತನಾಳಗಳಿಲ್ಲದ ಕಾರಣಕ್ಕೇ ಸೋಂಕು ಒಳಹೊಕ್ಕಾಗ ದೇಹದ ರಕ್ಷಣಾ ಕಣಗಳು ಅಲ್ಲಿಗೆ ತಲುಪುವುದು ನಿಧಾನವಾಗುತ್ತದೆ, ಔಷಧವನ್ನೂ ಹೆಚ್ಚಾಗಿ ಹನಿಯ ರೂಪದಲ್ಲಿ ಮೇಲಿನಿಂದಲೇ ಕೊಡಬೇಕಾಗುತ್ತದೆ.

ಮೇಲಿನ ತೆಳು ಚರ್ಮಕ್ಕೆ ಮಾತ್ರ ಗೀರು ಬಿದ್ದಿದ್ದರೆ ಅದು ಒಂದೆರಡು ದಿನಗಳಲ್ಲಿ, ಹೆಚ್ಚೆಂದರೆ ಮೂರು ದಿನಗಳಲ್ಲಿ, ಕಲೆ ಉಳಿಸದೆ ಕೂಡಿಕೊಳ್ಳುತ್ತದೆ. ಹೆಚ್ಚಿನವರಿಗೆ ಆಗುವುದೂ ಇಷ್ಟೇ. ಆದರೆ ಗೀರಿನ ಮೂಲಕ ಸೂಕ್ಷ್ಮಜೀವಿಗಳು ಒಳಪದರಕ್ಕೆ ಇಳಿದು ಬೆಳೆದರೆ ಆ ಭಾಗ ಕೊಳೆಯುತ್ತ ಹೋಗುತ್ತದೆ, ಮಾಯ್ದ ಮೇಲೂ ಬಿಳಿ ಕಲೆ ಶಾಶ್ವತವಾಗಿ ಉಳಿಯುತ್ತದೆ. ಕಲೆ ಪಾಪೆಯ ಎದುರಿಗೇ ಬಿದ್ದರೆ ಆ ಕಣ್ಣಿಗೆ ಬೆಳಕು, ನೆರಳು ಬಿಟ್ಟು ಹೆಚ್ಚೇನೂ ಕಾಣದ ಸ್ಥಿತಿ ಬರಬಹುದು.

ಬ್ಯಾಕ್ಟೀರಿಯಾದಿಂದ ಆಗುವ ಹುಣ್ಣು ಒಂದೆರಡು ದಿನದಲ್ಲೇ ಕಣ್ಣು ತೆರೆಯಲಾಗದಷ್ಟು ನೋವು, ಕೀವು ತರುತ್ತದೆ. ಶಿಲೀಂಧ್ರದ ಹುಣ್ಣಿನ ನಡೆ ಬೇರೆ. ದಕ್ಷಿಣ ಭಾರತದಲ್ಲಿ ಅದರ ಪಾಲು ಬಹಳ ದೊಡ್ಡದು; ಮದುರೆಯಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನದಲ್ಲಿ ಸೂಕ್ಷ್ಮಜೀವಿ ಪತ್ತೆಯಾದ ಹುಣ್ಣುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಶಿಲೀಂಧ್ರದವೇ ಆಗಿದ್ದವು. ಮಣ್ಣಿನಲ್ಲಿ, ಒಣ ಸೊಪ್ಪೆಯಲ್ಲಿ, ಕಾಳಿನ ಹೊಟ್ಟಿನಲ್ಲಿ ಸದಾ ಇರುವ ಫ್ಯುಸೇರಿಯಂ ಮತ್ತು ಆಸ್ಪರ್ಜಿಲಸ್ ಎಂಬ ಶಿಲೀಂಧ್ರಗಳು ಇದರ ಮುಖ್ಯ ಕಾರಣ. ಅವು ನಿಧಾನವಾಗಿ ಬೆಳೆಯುವುದರಿಂದ, ಏಟು ಬಿದ್ದು ಹಲವು ದಿನ, ಕೆಲವೊಮ್ಮೆ ಒಂದೆರಡು ವಾರವೇ ಕಳೆದ ಮೇಲೆ ತೊಂದರೆ ಎದ್ದು ಕಾಣುತ್ತದೆ. ಮೊದಲ ದಿನಗಳಲ್ಲಿ ನೋವು ತಡೆದುಕೊಳ್ಳುವಷ್ಟೇ ಇರುತ್ತದೆ. “ಗರಿ ಬಡಿದೈತಿ, ನಾಳೆ ಹೊತ್ತಿಗೆ ಹೋಗ್ತೈತಿ ಬಿಡಕ್ಕ” ಎಂದು ಮಾರನೆಯ ದಿನವೂ ಕೂಲಿಗೆ ಹೋಗುವುದು ಈ ಕಾರಣದಿಂದಲೇ. ಚಿಕಿತ್ಸೆಯೂ ಇದೆ, ಔಷಧವೂ ಸಿಗುತ್ತದೆ. ನಮ್ಮ ಜನರ ಕಣ್ಣು ಹೋಗುತ್ತಿರುವುದು ಏಟಿಗೂ ವೈದ್ಯರ ಭೇಟಿಗೂ ನಡುವೆ ಕಳೆದುಹೋಗುವ ಈ ದಿನಗಳಲ್ಲಿ.

ಮೊದಲ ಹೆಜ್ಜೆ: ಕೆಲಸಕ್ಕೆ ಇಳಿಯುವ ಮುನ್ನ

ಅಪಾಯ ಮೆಕ್ಕೆಜೋಳದಲ್ಲಿ ಮಾತ್ರ ಇಲ್ಲ. ಹರಿಹರ, ಹೊನ್ನಾಳಿ ಕಡೆಯ ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಒಕ್ಕಣೆಯ ಹೊಟ್ಟು, ಚನ್ನಗಿರಿ ಮತ್ತು ಹೊಳಲ್ಕೆರೆಯ ತೋಟಗಳಲ್ಲಿ ಅಡಿಕೆ ಕೊನೆ ಇಳಿಸುವಾಗ ಮೇಲಿನಿಂದ ಉದುರುವ ಕಸ, ಚಳ್ಳಕೆರೆಯಲ್ಲಿ ಶೇಂಗಾ ಬಿಡಿಸುವ ಯಂತ್ರದ ದೂಳು, ಅಕ್ಕಿ ಗಿರಣಿಯ ತೌಡು, ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯೊಡನೆ ಹಾರುವ ಬೂದಿ ಇವೆಲ್ಲ ಕಣ್ಣಿಗೆ ಬೀಳುವಂಥವೇ. ಎತ್ತಿನ ಬಾಲ ಬಡಿಯುವುದು, ಜಾಲಿಮುಳ್ಳು ತಾಗುವುದು, ಸಂಜೆ ಬೈಕಿನಲ್ಲಿ ಹೋಗುವಾಗ ಹುಳ ಹೊಡೆಯುವುದು ಕೂಡ ಇದೇ ಸಾಲಿಗೆ ಸೇರುತ್ತವೆ.

ಇದಕ್ಕೆ ಇರುವ ರಕ್ಷಣೆ ಪಕ್ಕಗಳೂ ಮುಚ್ಚಿರುವ ಪಾರದರ್ಶಕ ಪ್ಲಾಸ್ಟಿಕ್ ಕನ್ನಡಕ. ಹಾರ್ಡ್‌ವೇರ್ ಅಂಗಡಿಗಳಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಸಾಮಾನಿನ ಜೊತೆಗೆ ಅದು ಕಡಿಮೆ ಬೆಲೆಗೆ ಸಿಗುತ್ತದೆ. ಬೆವರಿನ ಆವಿ ಕಟ್ಟಿ ಕಣ್ಣು ಮಂಜಾಗುತ್ತದೆ ಎಂದು ಅನೇಕರು ಒಮ್ಮೆ ಹಾಕಿ ಬಿಟ್ಟುಬಿಡುತ್ತಾರೆ. ಈ ದೂರು ನಿಜವಾದದ್ದು. ಆದ್ದರಿಂದ ಕೊಳ್ಳುವಾಗಲೇ ಪಕ್ಕದಲ್ಲಿ ಗಾಳಿಯಾಡುವ ಸಣ್ಣ ರಂಧ್ರಗಳಿರುವುದನ್ನು ಆರಿಸಬೇಕು, ಕಿವಿಗೆ ಸಿಕ್ಕಿಸುವ ಕಡ್ಡಿಗಿಂತ ತಲೆಗೆ ಕಟ್ಟುವ ಪಟ್ಟಿಯಿದ್ದರೆ ಬಗ್ಗಿ ಕೆಲಸ ಮಾಡುವಾಗ ಜಾರುವುದಿಲ್ಲ. ಸಂತೆಯಲ್ಲಿ ಸಿಗುವ ಕಪ್ಪು ಕನ್ನಡಕ ಏನೂ ಇಲ್ಲದಿರುವುದಕ್ಕಿಂತ ಮೇಲು, ಆದರೆ ದಂಟುಗಳ ನಡುವೆ ನೆರಳಿನಲ್ಲಿ ಅದನ್ನು ಹಾಕಿಕೊಂಡರೆ ಗರಿ ಬರುವುದೇ ಕಾಣದೆ ಹೋಗಬಹುದು. ಹತ್ತಿರದ ದೃಷ್ಟಿಗೆಂದು ಕೊಟ್ಟ ಕನ್ನಡಕವನ್ನು ಹೊಲಕ್ಕೆ ಹಾಕಿಕೊಂಡು ಹೋಗುವುದು ಸರಿಯಲ್ಲ, ಅದರಲ್ಲಿ ದೂರದ್ದು ಮಸುಕಾಗಿ ಕಾಲು ಎಡವುತ್ತದೆ.

ತೆನೆ ಮುರಿಯುವ, ಸುಲಿಯುವ ಕೆಲಸದಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ದಿನಗೂಲಿಯವರು ತಮ್ಮ ದುಡ್ಡಿನಲ್ಲಿ ಕನ್ನಡಕ ಕೊಳ್ಳಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಕುಡುಗೋಲು, ಚೀಲ ಕೊಡುವ ಹೊಲದ ಮಾಲೀಕರೇ ಆಳಿಗೊಂದರಂತೆ ಕನ್ನಡಕವನ್ನೂ ಕೊಡಬೇಕು, ಒಕ್ಕಣೆ ಯಂತ್ರದ ಮಾಲೀಕರು ಯಂತ್ರದ ಜೊತೆಗೇ ನಾಲ್ಕಾರು ಕನ್ನಡಕ ಇಟ್ಟುಕೊಂಡಿರಬೇಕು. ಯಂತ್ರದ ಮುಂದೆ ನಿಲ್ಲುವವರು ಹೊಟ್ಟು ಹಾರಿಬರುವ ಕಡೆಗೆ ಮುಖ ಮಾಡದೆ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಕೊಟ್ಟು ಒಂದು ಪಕ್ಕಕ್ಕೆ ನಿಲ್ಲಬೇಕು. ಚಿಕ್ಕ ಮಕ್ಕಳನ್ನು ಕಣದಿಂದ ದೂರ ಇಡಬೇಕು.

ಎರಡನೆಯ ಹೆಜ್ಜೆ: ಕಣ್ಣಿಗೆ ಏನಾದರೂ ತಾಗಿದ ಕೂಡಲೇ

ಕೆಲಸ ನಿಲ್ಲಿಸಿ, ನೆರಳಿಗೆ ಬನ್ನಿ. ಕಣ್ಣನ್ನು ಉಜ್ಜಬೇಡಿ, ರೆಪ್ಪೆಯ ಕೆಳಗೆ ಸಿಕ್ಕಿಕೊಂಡ ಕಸ ಉಜ್ಜಿದಷ್ಟೂ ಕಾರ್ನಿಯಾವನ್ನು ಗೀರುತ್ತದೆ. ಮೊದಲು ಕೈಯನ್ನು ಸೋಪಿನಿಂದ ತೊಳೆದು, ಕುಡಿಯಲು ತಂದ ಶುದ್ಧ ನೀರನ್ನು ಲೋಟದಿಂದ ಕಣ್ಣಿನ ಮೇಲೆ ನಿಧಾನವಾಗಿ ಸುರಿದುಕೊಳ್ಳುತ್ತ ರೆಪ್ಪೆಯನ್ನು ಮತ್ತೆ ಮತ್ತೆ ಮಿಟುಕಿಸಬೇಕು. ಸಡಿಲವಾಗಿರುವ ಕಸ ಇದರಿಂದಲೇ ಹೊರಬರುತ್ತದೆ. ಕಾಲುವೆಯ ನೀರು, ಕೆರೆಯ ನೀರು, ದನದ ತೊಟ್ಟಿಯ ನೀರು ಬಳಸಬಾರದು, ಅದರಲ್ಲೇ ಸೋಂಕಿನ ಬೀಜವಿರುತ್ತದೆ.

ಕರಿಗುಡ್ಡೆಗೆ ಮುಳ್ಳೋ ಸಿಬರೋ ಚುಚ್ಚಿಕೊಂಡು ನಿಂತಿದ್ದರೆ ಅದನ್ನು ಎಳೆಯಲು ಹೋಗಬೇಡಿ, ನೀರನ್ನೂ ರಭಸದಿಂದ ಸುರಿಯಬೇಡಿ. ಕಣ್ಣಿಗೆ ಒತ್ತಡ ಬೀಳದಂತೆ ಮೇಲೊಂದು ಪ್ಲಾಸ್ಟಿಕ್ ಲೋಟವನ್ನು ಕವುಚಿ ಹಿಡಿದು ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಗಿಡದ ಗರಿ ತಾಗಿದ ಕಣ್ಣಿಗೆ ಹತ್ತಿಯಿಟ್ಟು ಬಿಗಿಯಾಗಿ ಪಟ್ಟಿ ಕಟ್ಟುವುದು ಕೂಡ ತಪ್ಪು, ಏಕೆಂದರೆ ಮುಚ್ಚಿದ ಬೆಚ್ಚನೆಯ ಜಾಗದಲ್ಲಿ ಸೋಂಕು ಬೇಗ ಬೆಳೆಯುತ್ತದೆ.

ಕಣ್ಣಿಗೆ ಬಿದ್ದದ್ದು ಸಿಂಪಡಣೆಯ ಔಷಧವೋ, ಎಲೆ ಅಡಿಕೆಯ ಸುಣ್ಣವೋ ಆಗಿದ್ದರೆ ಕ್ರಮ ಬೇರೆ. ಆಗ ಶುದ್ಧ ನೀರನ್ನು ಹುಡುಕುತ್ತ ಕೂರದೆ ಕೈಗೆ ಸಿಕ್ಕ ನೀರಿನಿಂದಲೇ ತಕ್ಷಣ ತೊಳೆಯಲು ಶುರುಮಾಡಿ, ಕನಿಷ್ಠ 15ರಿಂದ 30 ನಿಮಿಷ ಬಿಡದೆ ತೊಳೆದು, ಆಮೇಲೆ ಆಸ್ಪತ್ರೆಗೆ ಹೊರಡಬೇಕು.

ಮೂರನೆಯ ಹೆಜ್ಜೆ: ಏನನ್ನು ಹಾಕಬಾರದು

ಹೆಚ್ಚು ಕಣ್ಣುಗಳು ಕೆಡುವುದು ಇಲ್ಲಿಯೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಹರಳೆಣ್ಣೆ, ಎದೆಹಾಲು, ನಂದಿಬಟ್ಟಲ ಹೂವಿನ ರಸ, ತುಂಬೆಸೊಪ್ಪಿನ ರಸ, ಜೇನುತುಪ್ಪ ಇವನ್ನು ಕಣ್ಣಿಗೆ ಬಿಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅಜ್ಜಿಯರು ಪ್ರೀತಿಯಿಂದಲೇ ಮಾಡುವ ಉಪಚಾರ ಇದು. ಆದರೆ ಕಾರ್ನಿಯಾದ ಮೇಲೆ ತೆರೆದ ಗಾಯವಿರುವಾಗ ಶುದ್ಧೀಕರಿಸದ ಯಾವುದೇ ರಸ, ಎಣ್ಣೆ, ಹಾಲು ಸೂಕ್ಷ್ಮಜೀವಿಗಳನ್ನು ನೇರವಾಗಿ ಗಾಯದೊಳಗೆ ಬಿಟ್ಟಂತೆ. ಕಣ್ಣಿನ ಕಸವನ್ನು ನಾಲಿಗೆಯಿಂದ ತೆಗೆಯುವವರು ಇಂದಿಗೂ ಕೆಲವು ಊರುಗಳಲ್ಲಿದ್ದಾರೆ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳ ಸಂಖ್ಯೆಯನ್ನು ಯೋಚಿಸಿದರೆ ಇದಕ್ಕಿಂತ ಅಪಾಯಕರ ಉಪಚಾರ ಇನ್ನೊಂದಿಲ್ಲ. ಸೀರೆಯ ಸೆರಗಿನ ತುದಿ, ಬೆಂಕಿಕಡ್ಡಿ, ಹುಲ್ಲಿನ ಎಸಳು ಕೂಡ ಕಣ್ಣಿನ ಬಳಿ ಬರಬಾರದು.

ಎರಡನೆಯ ಅಪಾಯ ಮೆಡಿಕಲ್ ಅಂಗಡಿಯದು. ‘ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ’ ಎಂದು ಕೇಳಿದಾಗ ಸ್ಟೀರಾಯ್ಡ್ ಬೆರೆತ ಹನಿ ಕೈಗೆ ಬರುವುದುಂಟು. ಅದನ್ನು ಹಾಕಿದ ದಿನವೇ ಕೆಂಪು ಇಳಿಯುತ್ತದೆ, ಉರಿ ಕಡಿಮೆಯಾಗುತ್ತದೆ, ರೋಗಿಗೆ ನೆಮ್ಮದಿಯಾಗುತ್ತದೆ. ಕಡಿಮೆಯಾದದ್ದು ದೇಹದ ಪ್ರತಿರೋಧ ಮಾತ್ರ. ತಡೆಯುವವರಿಲ್ಲದ ಶಿಲೀಂಧ್ರ ಒಳಪದರಗಳಿಗೆ ಇಳಿಯುತ್ತ ಹೋಗುತ್ತದೆ, ರೋಗಿ ಮತ್ತೆ ನೋವಿನಿಂದ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಹುಣ್ಣು ಕಾರ್ನಿಯಾದ ಆಳ ತಲುಪಿರುತ್ತದೆ. ಆದ್ದರಿಂದ ಬಾಟಲಿಯ ಮೇಲಿನ ಔಷಧದ ಹೆಸರನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೋರೊಮೆಥೊಲೋನ್, ಲೋಟೆಪ್ರೆಡ್ನಾಲ್ ಇವುಗಳಲ್ಲಿ ಯಾವುದಾದರೂ ಒಂದು ಹೆಸರಿದ್ದರೆ ಅದು ಸ್ಟೀರಾಯ್ಡ್. ಅಕ್ಷರಗಳು ಬಹಳ ಸಣ್ಣವಿರುವುದರಿಂದ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ, ಓದಬಲ್ಲ ಮಕ್ಕಳಿಂದ ಓದಿಸಿ. ಗಿಡದ ಗರಿ ತಾಗಿದ ಕಣ್ಣಿಗೆ, ಕಣ್ಣಿನ ವೈದ್ಯರು ಯಂತ್ರದಲ್ಲಿ ನೋಡಿ ಹೇಳದ ಹೊರತು, ಇವು ಬೇಡವೇ ಬೇಡ. ಕಳೆದ ವರ್ಷ ಪೊರೆಯ ಆಪರೇಷನ್ ಆದಾಗ ಅಪ್ಪನಿಗೆ ಕೊಟ್ಟ ಹನಿಯ ಬಾಟಲಿ ಮಾಡದಲ್ಲಿ ಉಳಿದಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಬಹಳ, ಅದನ್ನು ಮಗನ ಕಣ್ಣಿಗೆ ಹಾಕಬಾರದು.

ನಾಲ್ಕನೆಯ ಹೆಜ್ಜೆ: ಅದೇ ದಿನ ತೋರಿಸುವುದು, ಆಮೇಲೆ ಗಮನಿಸುವುದು

ಗರಿ ಅಥವಾ ಹೊಟ್ಟು ತಾಗಿದ ಮೇಲೆ ಕಣ್ಣಿನಲ್ಲಿ ಚುಚ್ಚಿದ ಅನುಭವ ಕೆಲವು ಗಂಟೆಗಳ ನಂತರವೂ ಉಳಿದಿದ್ದರೆ ಅದೇ ದಿನ, ತಡವಾದರೆ ಮಾರನೆಯ ಬೆಳಗ್ಗೆ, ಕಣ್ಣು ನೋಡಬಲ್ಲವರಿಗೆ ತೋರಿಸಬೇಕು. ಗೀರು ಹೊಸದಾಗಿರುವಾಗ ವೈದ್ಯರು ಕೊಡುವುದು ಸಾಮಾನ್ಯವಾಗಿ ಕೆಲವೇ ದಿನಗಳ ಪ್ರತಿಜೀವಕ ಮುಲಾಮು. ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಣ್ಣಿಗೆ ಗೀರು ಬಿದ್ದ ಹಳ್ಳಿಗರಿಗೆ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಬಾರಿಯಂತೆ ಮೂರು ದಿನ ಹಾಕಲಾಯಿತು. 18 ಗಂಟೆಯೊಳಗೆ ಚಿಕಿತ್ಸೆ ಶುರುವಾದವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ. ಮೊದಲ ದಿನದ ಬೆಲೆ ಎಷ್ಟೆಂಬುದಕ್ಕೆ ಇದನ್ನು ಹೇಳಿದೆನೇ ಹೊರತು ಮುಲಾಮನ್ನು ತಾವೇ ಕೊಂಡು ಹಾಕಿಕೊಳ್ಳಲೆಂದು ಅಲ್ಲ. ಅದು ಬ್ಯಾಕ್ಟೀರಿಯಾ ವಿರೋಧಿ ಔಷಧ, ಶಿಲೀಂಧ್ರದ ಹುಣ್ಣು ಒಮ್ಮೆ ಬೇರೂರಿದ ಮೇಲೆ ಅದರಿಂದ ಗುಣವಾಗುವುದಿಲ್ಲ.

ನೋವು ಹೋಯಿತೆಂದು ಅನಿಸಿದರೂ ಎರಡು ವಾರ ದಿನಕ್ಕೊಮ್ಮೆ ಕಣ್ಣನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಬೆಳಗ್ಗೆ ಗೋಡೆಯ ಕ್ಯಾಲೆಂಡರಿನ ಎದುರು ನಿಂತು, ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ, ಇನ್ನೊಂದರಿಂದ ತಾರೀಖಿನ ಅಂಕಿಗಳನ್ನು ನೋಡಬೇಕು. ಆಮೇಲೆ ಕಣ್ಣು ಬದಲಿಸಬೇಕು. ಎರಡೂ ಕಣ್ಣು ತೆರೆದೇ ಇದ್ದರೆ ಕೆಟ್ಟ ಕಣ್ಣಿನ ಮಸುಕು ಗೊತ್ತೇ ಆಗುವುದಿಲ್ಲ. ನಂತರ ಮನೆಯವರೊಬ್ಬರು ಮೊಬೈಲಿನ ಟಾರ್ಚನ್ನು ನೇರವಾಗಿ ಹಿಡಿಯದೆ ಕಪಾಲದ ಪಕ್ಕದಿಂದ ಓರೆಯಾಗಿ ಹಿಡಿದು ಕರಿಗುಡ್ಡೆಯನ್ನು ನೋಡಬೇಕು. ಆರೋಗ್ಯವಾದ ಕಣ್ಣಿನಲ್ಲಿ ಬೆಳಕು ಚೂಪಾಗಿ ಹೊಳೆಯುತ್ತದೆ. ಹುಣ್ಣು ಶುರುವಾಗಿದ್ದರೆ ಸಾಸಿವೆ ಕಾಳಿಗಿಂತ ಚಿಕ್ಕದಾದರೂ ಸರಿ, ಬೂದುಬಿಳಿಯ ಒಂದು ಚುಕ್ಕೆ ಕಾಣುತ್ತದೆ. ಶಿಲೀಂಧ್ರದ್ದಾದರೆ ಅದರ ಅಂಚು ನುಣುಪಾಗಿರದೆ ಎಳೆ ಎಳೆಯಾಗಿ ಹರಡಿರುತ್ತದೆ, ಮೇಲ್ಮೈ ಒಣಗಿದಂತೆ ಇರುತ್ತದೆ. ಕರಿಗುಡ್ಡೆಯ ಕೆಳಭಾಗದಲ್ಲಿ ಬಿಳಿಯ ಕೀವು ಅಡ್ಡಗೆರೆಯಾಗಿ ನಿಂತಿದ್ದರೆ ಹುಣ್ಣು ತೀವ್ರವಾಗಿದೆ ಎಂದೇ ಅರ್ಥ, ಆಗ ಒಂದು ರಾತ್ರಿಯನ್ನೂ ಕಳೆಯಬಾರದು.

ಕಣ್ಣು ಬೇನೆ ಬಂದಿದೆ ಎಂದು ತಿಳಿದು ಸುಮ್ಮನಿರುವವರು ಬಹಳ ಮಂದಿ. ಕಣ್ಣು ಬೇನೆ ಸಾಮಾನ್ಯವಾಗಿ ಒಂದು ಕಣ್ಣಿನಿಂದ ಇನ್ನೊಂದಕ್ಕೆ, ಮನೆಯ ಒಬ್ಬರಿಂದ ಇತರರಿಗೆ ಬೇಗ ಹರಡುತ್ತದೆ, ಪಿಸುರು ಮತ್ತು ತುರಿಕೆ ಹೆಚ್ಚು, ಪಿಸುರು ಒರೆಸಿದ ಮೇಲೆ ದೃಷ್ಟಿ ಸರಿಯಾಗಿರುತ್ತದೆ. ಒಂದೇ ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ, ನೀರು ಸುರಿಯುತ್ತ, ದೃಷ್ಟಿ ಮಂಜಾಗಿದ್ದರೆ ಅದನ್ನು ಕಣ್ಣು ಬೇನೆಯೆಂದು ಭಾವಿಸಬೇಡಿ.

ಸಕ್ಕರೆ ಕಾಯಿಲೆಯವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು, ಅವರಲ್ಲಿ ಗಾಯ ಮಾಯುವುದು ನಿಧಾನ. ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒತ್ತಿದರೆ ಕೀವು ಬರುವವರಿಗೆ ಕಣ್ಣೀರಿನ ಚೀಲದಲ್ಲಿ ಸೋಂಕು ಮನೆಮಾಡಿರುತ್ತದೆ. ಅಂಥ ಕಣ್ಣಿಗೆ ಸಣ್ಣ ಗೀರು ಬಿದ್ದರೂ ಹುಣ್ಣಾಗುವುದು ಸುಲಭವಾದ್ದರಿಂದ, ಸುಗ್ಗಿಗೆ ಮುಂಚೆಯೇ ಅದಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳಬೇಕು. ಹೊಲದ ಕೆಲಸ ಮಾಡದ ಕಾಲೇಜು ವಿದ್ಯಾರ್ಥಿಗಳಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಇದೇ ತೊಂದರೆ ತರಬಲ್ಲದು. ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯುವುದು, ಹಾಕಿಕೊಂಡೇ ಮಲಗುವುದು ಎರಡೂ ಅಪಾಯ.

ಐದನೆಯ ಹೆಜ್ಜೆ: ಎಲ್ಲಿಗೆ ಹೋಗಬೇಕು, ಏನು ಹೇಳಬೇಕು

ಮೊದಲು ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆ ಯಾವ ದಿನ ಇದೆ ಎಂಬುದು ಗೊತ್ತಾಗುತ್ತದೆ. ಬಿಳಿ ಚುಕ್ಕೆ ಕಂಡಿದ್ದರೆ ಅಥವಾ ದೃಷ್ಟಿ ಮಂಜಾಗಿದ್ದರೆ ಆ ದಿನಕ್ಕಾಗಿ ಕಾಯದೆ ಜಿಲ್ಲಾ ಕೇಂದ್ರಕ್ಕೆ ಹೊರಡಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಮೊಳಕಾಲ್ಮೂರಿನ ಗಡಿಹಳ್ಳಿಗಳವರಿಗೆ ಬಳ್ಳಾರಿ, ನ್ಯಾಮತಿ ಕಡೆಯವರಿಗೆ ಶಿವಮೊಗ್ಗ ಹತ್ತಿರವಾಗಬಹುದು. ಯಾವ ಜಿಲ್ಲೆಯದೆಂಬುದು ಇಲ್ಲಿ ಮುಖ್ಯವಲ್ಲ, ಬೇಗ ತಲುಪುವುದು ಮುಖ್ಯ. ಹೋಗುವಾಗ ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ವಿಚಾರಣೆಗೆ ಅವು ಬೇಕಾಗುತ್ತವೆ.

ವೈದ್ಯರಿಗೆ ಮೂರು ವಿಷಯ ತಪ್ಪದೆ ಹೇಳಿ: ಕಣ್ಣಿಗೆ ಏನು ತಾಗಿತು, ಎಷ್ಟು ದಿನವಾಯಿತು, ಇದುವರೆಗೆ ಏನೇನು ಹಾಕಿದ್ದೀರಿ. ಹರಳೆಣ್ಣೆ ಬಿಟ್ಟಿದ್ದರೂ, ನಾಲಿಗೆಯಿಂದ ಕಸ ತೆಗೆಸಿದ್ದರೂ ಬೈಸಿಕೊಳ್ಳುವ ಅಂಜಿಕೆಯಿಂದ ಮುಚ್ಚಿಡಬೇಡಿ. ಹಾಕಿದ ಹನಿಯ ಬಾಟಲಿ ಖಾಲಿಯಾಗಿದ್ದರೂ ಒಯ್ಯಿರಿ.

ಅಲ್ಲಿ ಕಣ್ಣಿಗೆ ಕಿತ್ತಳೆ ಬಣ್ಣದ ದ್ರಾವಣ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಗಾಯವಾದ ಜಾಗ ಹಸಿರಾಗಿ ಹೊಳೆಯುತ್ತದೆ. ಹುಣ್ಣಿದ್ದರೆ ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಮೇಲ್ಭಾಗವನ್ನು ಸಣ್ಣ ಅಲಗಿನಿಂದ ಕೆರೆದು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ‘ಕಣ್ಣು ಕೆರೆಯುತ್ತಾರಂತೆ’ ಎಂಬ ಮಾತಿಗೆ ಹೆದರಿ ಎದ್ದುಬರುವವರಿದ್ದಾರೆ. ಈ ಪರೀಕ್ಷೆಯಿಲ್ಲದೆ ಬ್ಯಾಕ್ಟೀರಿಯಾವೋ ಶಿಲೀಂಧ್ರವೋ ಎಂದು ಖಚಿತವಾಗಿ ಹೇಳುವುದು ಕಷ್ಟ, ಎರಡಕ್ಕೂ ಔಷಧ ಬೇರೆ ಬೇರೆ. ಆದ್ದರಿಂದ ಕೆರೆಯುವ ಪರೀಕ್ಷೆ ಮಾಡದೆ ಔಷಧ ಬರೆದರೆ, ಅದನ್ನು ಮಾಡುವ ವ್ಯವಸ್ಥೆ ಎಲ್ಲಿದೆ ಎಂದು ವಿನಯದಿಂದ ಕೇಳುವ ಹಕ್ಕು ನಿಮಗಿದೆ.

ಆರನೆಯ ಹೆಜ್ಜೆ: ಹನಿ ಹಾಕುವ ಕ್ರಮ

ಎಳೆಯಾಗಿ ಬೆಳೆಯುವ ಶಿಲೀಂಧ್ರಗಳ ಹುಣ್ಣಿಗೆ ಮುಖ್ಯ ಔಷಧ ಶೇ. 5ರ ನಟಾಮೈಸಿನ್ ಹನಿ. ದಕ್ಷಿಣ ಭಾರತದಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದು ವೊರಿಕೊನಜೋಲ್ ಎಂಬ ಹೊಸ ಔಷಧಕ್ಕಿಂತ ಉತ್ತಮ ಫಲ ಕೊಟ್ಟಿತು. ಆರಂಭದಲ್ಲಿ ಇದನ್ನು ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಮ್ಮೆ ಹಾಕಬೇಕಾಗುತ್ತದೆ. ಸುಗ್ಗಿಯ ನಡುವೆ ಇದು ಒಬ್ಬರಿಂದ ಆಗುವ ಕೆಲಸವಲ್ಲ, ಮನೆಯವರು ಪಾಳಿ ಮಾಡಿಕೊಂಡು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಬೇಕು. ಹೊಲಕ್ಕೆ ಹೋಗುತ್ತ ದಿನಕ್ಕೆ ನಾಲ್ಕು ಸಲ ಹಾಕಿಕೊಳ್ಳುತ್ತೇನೆ ಎಂದರೆ ಔಷಧ ಫಲಿಸುವುದಿಲ್ಲ. ವೈದ್ಯರು ದಾಖಲಾಗಲು ಹೇಳಿದರೆ ದಾಖಲಾಗುವುದೇ ಲೇಸು.

ನಟಾಮೈಸಿನ್ ಬಿಳಿಯ ಪುಡಿ ಬೆರೆತ ದ್ರವ, ಇಟ್ಟಲ್ಲಿ ತಳಕ್ಕೆ ಇಳಿಯುತ್ತದೆ. ಪ್ರತಿ ಸಲವೂ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸದಿದ್ದರೆ ಕಣ್ಣಿಗೆ ಬೀಳುವುದು ಬರೀ ತಿಳಿನೀರು. ಸೋಪಿನಿಂದ ಕೈ ತೊಳೆದು, ರೋಗಿಯನ್ನು ಅಂಗಾತ ಮಲಗಿಸಿ ಅಥವಾ ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದಾಗ ಆಗುವ ಗುಳಿಯಲ್ಲಿ ಒಂದೇ ಒಂದು ಹನಿ ಬಿಡಬೇಕು. ಬಾಟಲಿಯ ತುದಿ ರೆಪ್ಪೆಗಾಗಲೀ ಕಣ್ಣಿಗಾಗಲೀ ತಾಗಬಾರದು. ಕಣ್ಣು ಮುಚ್ಚಿಕೊಂಡು, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ನಿಲ್ಲುತ್ತದೆ. ಹುಣ್ಣು ಆಳವಾಗಿದೆ ಎಂದು ವೈದ್ಯರು ಹೇಳಿದ್ದರೆ ಮಾತ್ರ ಒತ್ತದೆ ಸುಮ್ಮನೆ ಕಣ್ಣು ಮುಚ್ಚಿಕೊಂಡಿರಬೇಕು. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಬೇಕು, ಮುಲಾಮು ಇದ್ದರೆ ಅದನ್ನು ಕೊನೆಗೆ ಹಾಕಬೇಕು.

ಶಿಲೀಂಧ್ರದ ಹುಣ್ಣು ವಾರಗಟ್ಟಲೆ ಔಷಧ ಬೇಡುತ್ತದೆ. ಮೊದಲ ವಾರದಲ್ಲಿ ಗುಣ ಕಾಣದಿದ್ದರೆ ವೈದ್ಯರನ್ನು ಬದಲಿಸುವ ಬದಲು ಅವರು ಹೇಳಿದ ದಿನ ತಪ್ಪದೆ ತೋರಿಸಿ. ಒಂದು ಎಚ್ಚರಿಕೆಯನ್ನು ಮಾತ್ರ ಮನೆಯವರೆಲ್ಲ ತಿಳಿದಿರಬೇಕು. ದಿನಗಟ್ಟಲೆ ನೋಯುತ್ತಿದ್ದ ಕಣ್ಣಿನಿಂದ ಇದ್ದಕ್ಕಿದ್ದಂತೆ ಬೆಚ್ಚನೆಯ ನೀರು ಹರಿದು, ಆ ಕೂಡಲೇ ನೋವು ಇಳಿದರೆ ಅದು ಗುಣವಾದ ಲಕ್ಷಣವಲ್ಲ, ಕಾರ್ನಿಯಾ ತೂತಾಗಿರಬಹುದು. ಕಣ್ಣನ್ನು ಒತ್ತದೆ, ಏನನ್ನೂ ಹಾಕದೆ, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಬೇಕು, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು.

ಮಾಯ್ದ ಮೇಲೆ

ಔಷಧಕ್ಕೆ ಬಗ್ಗದ ಹುಣ್ಣಿಗೆ ಕಾರ್ನಿಯಾ ಕಸಿ ಮಾಡಬೇಕಾಗಬಹುದು. ಸೋಂಕು ಜೀವಂತವಾಗಿರುವಾಗ ಮಾಡುವ ಕಸಿಯ ಮುಖ್ಯ ಉದ್ದೇಶ ಕಣ್ಣನ್ನು ಉಳಿಸುವುದು. ದೃಷ್ಟಿಗಾಗಿ ಮಾಡುವ ಕಸಿ ಸಾಮಾನ್ಯವಾಗಿ ಸೋಂಕು ಪೂರ್ತಿ ಹೋದ ಮೇಲೆಯೇ. ಎರಡಕ್ಕೂ ದಾನಿಯ ಕಣ್ಣು ಬೇಕು, ಅದನ್ನು ಮರಣದ ನಂತರ ಆರು ಗಂಟೆಯೊಳಗೆ ಪಡೆಯಬೇಕಾಗುತ್ತದೆ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು ಕುಟುಂಬದವರು ದಾನ ಮಾಡಿದ ನಂತರ ರಾಜ್ಯದಲ್ಲಿ ಅನೇಕರು ನೇತ್ರದಾನಕ್ಕೆ ಮುಂದೆ ಬಂದರು. ಬರೀ ನೋಂದಣಿ ಸಾಲದು, ಮನೆಯವರಿಗೆ ನಿಮ್ಮ ಇಚ್ಛೆ ತಿಳಿದಿರಬೇಕು, ಏಕೆಂದರೆ ಆ ಹೊತ್ತಿನಲ್ಲಿ ಫೋನ್ ಮಾಡಬೇಕಾದವರು ಅವರೇ.

ಹುಣ್ಣು ಮಾಯ್ದವರು ವೈದ್ಯರು ಒಪ್ಪುವವರೆಗೆ ಕಣಕ್ಕಾಗಲೀ ಗಿರಣಿಗಾಗಲೀ ಹೋಗಬಾರದು. ಒಂದು ಕಣ್ಣಿನಲ್ಲಿ ಕಲೆ ಉಳಿದವರು ಇನ್ನೊಂದು ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಯಾವ ಕೆಲಸಕ್ಕೂ ಇಳಿಯಬಾರದು. ಹೊಲದ ಮಾಲೀಕರೂ ಅವರನ್ನು ಯಂತ್ರದ ಮುಂದೆ ನಿಲ್ಲಿಸಬಾರದು. ಚಿಕಿತ್ಸೆ ಮುಗಿದ ಮೇಲೆ ಉಳಿದ ಹನಿಯ ಬಾಟಲಿಗಳನ್ನು, ಅರ್ಧ ತುಂಬಿದ್ದರೂ ಸರಿ, ಎಸೆದುಬಿಡಿ. ತೆರೆದು ಒಂದು ತಿಂಗಳಾದ ಬಾಟಲಿ ಯಾವ ಕಣ್ಣಿಗೂ ಯೋಗ್ಯವಲ್ಲ, ಪಕ್ಕದ ಮನೆಯವರು ಕಣ್ಣು ಕೆಂಪಾಗಿದೆ ಎಂದು ಕೇಳಿಕೊಂಡು ಬಂದಾಗ ಅವರಿಗೆ ಕೊಡಬೇಕಾದದ್ದು ನೀವು ತೋರಿಸಿದ ಆಸ್ಪತ್ರೆಯ ವಿಳಾಸವನ್ನು.